ಹಿಟ್ಟಿನ ಕೈ

ಕುತಾಯಿಸಿಯಲ್ಲಿ ಬೆಳಗಿನ ಜಾವ ನಾಲ್ಕು.
ಬೇಕರಿಯ ಒಲೆ ಹೊತ್ತಿಸಲು ಎದ್ದರೆ
ತೇಕ್ಲೆಯ ಬಾಗಿಲ ಸಂದಿಯಲ್ಲಿ ನೀಲಿ ಬೆಳಕು.
ಯಾರೋ ಅವಳ ಮೂಗಿನ ಬಗ್ಗೆ ಬರೆದಿದ್ದಾರಂತೆ,
ಇನ್ನೂರು ಜನ ನಕ್ಕಿದ್ದಾರಂತೆ.
ಆ ಮೂಗು ನನ್ನದು. ನಮ್ಮಮ್ಮನದು.

ಹೋದ ತಿಂಗಳು ಫೋನು ಕಸಿದುಕೊಂಡೂ ನೋಡಿದ್ದೆ:
ಮೂರು ದಿನ ಊಟ ಬಿಟ್ಟಳು.
ಇವತ್ತು ಬೈಯಲಿಲ್ಲ.
“ಎದ್ದೇ ಇದ್ದೀಯಲ್ಲ, ಬಾ, ನಾದು.”

ನಾದಿದಳು, ಗೊಣಗುತ್ತ.
ಜೇಬಿನಲ್ಲಿ ಅದು ಗುಂಯ್‌ಗುಟ್ಟಿತು.
ತೆಗೆದಳು, ಒತ್ತಿದಳು, ಉಜ್ಜಿದಳು.
ಹಿಟ್ಟು ಮೆತ್ತಿದ ಬೆರಳನ್ನು
ಪರದೆ ಗುರುತೇ ಹಿಡಿಯಲಿಲ್ಲ.

ಮಣ್ಣೊಲೆಯ ಗೋಡೆಗೆ ಬಡಿದ ಮೊದಲ ರೊಟ್ಟಿ
ಸೊಟ್ಟಗೆ ಅಂಟಿತು.
“ನನ್ನ ಮೂಗು” ಎಂದು ತಾನೇ ನಕ್ಕಳು.
ಅದನ್ನು ಮಾರಲಿಲ್ಲ,
ಬಾಯಿ ಸುಟ್ಟುಕೊಂಡು ನಾವೇ ತಿಂದೆವು.

ನಾಳೆ ಏಳುತ್ತಾಳೋ,
ಎದ್ದೇ ಇರುತ್ತಾಳೋ, ಗೊತ್ತಿಲ್ಲ.
ಹಿಟ್ಟು ಮಾತ್ರ
ಒಂದು ಹಿಡಿ ಹೆಚ್ಚೇ ಕಲಸಿಟ್ಟಿದ್ದೇನೆ.