ಕರ್ತೃ: ಗೊತ್ತಿಲ್ಲ

ಬೈತಖೋಲದ ಕಸ್ಟಮ್ಸ್ ಶೆಡ್ಡಿನಲ್ಲಿ
ಗೋಣಿತಾಟು ಸರಿಸಿ ತೋರಿಸಿದ ಹುಲಸ್ವಾರ:
‘ವಾರಸುದಾರರಿಲ್ಲ. ನಾಡಿದ್ದು ಹರಾಜು.
ಶಿರಸಿಯಿಂದ ನಿಮ್ಮನ್ನು ಕರೆಸಿದ್ದು ಇದಕ್ಕೇ.’

ಸೊಂಟದವರೆಗೆ ಹೆಂಗಸು, ಮೇಲೆ ಏಣಿ.
ಮೂರನೇ ಮೆಟ್ಟಿಲಿಗೆ ಕಿವಿ, ಕಿವಿಗೆ ಬುಗುಡಿ.
ತಲೆ ಇರಬೇಕಾದಲ್ಲಿ ಬಾಯ್ತೆರೆದ ಬಂಗಡೆ,
ಬಾಯೊಳಗೆ ಇನ್ನೊಂದು ಏಣಿ,
ಬೆಂಕಿಕಡ್ಡಿಯಷ್ಟು.

‘ಹುಚ್ಚನ ಕೆಲಸ. ಸೌದೆ ರೇಟು ಬರೆಯಲಾ?’

ಮೂಸಿದೆ. ಗಂಧವಲ್ಲ, ಶಿವಣೆ.
ಉಗುರಲ್ಲಿ ಗೀರಿದೆ. ಎಣ್ಣೆ ಕುಡಿದು
ಇಪ್ಪತ್ತು ವರ್ಷವಾದರೂ ಆಗಿದೆ.
ಗೆದ್ದಲು ಎಡಹಿಮ್ಮಡಿಗೆ ಮಾತ್ರ.
ಬಳ್ಳಿ, ಹಂಸ, ಆನೆಸಾಲು ಕೆತ್ತಿ ಸವೆದ ಬೆರಳಿಗೆ
ಇದರ ತಲೆಬುಡ ತಿಳಿಯಲಿಲ್ಲ.
ಆದರೂ ಸೀರೆಯ ನೆರಿಗೆಗಳ ಮೇಲೆ
ಕೈ ಆಡಿಸುತ್ತ ಹೋದೆ, ಒಂದೊಂದೇ.
ಉಳಿಯ ಏಟೆಲ್ಲ ಬಲಕ್ಕೆ ಇಳಿದಿವೆ.
ಎಡಚ.

ನಮ್ಮ ಸಾಲೆಯಲ್ಲಿ ಒಬ್ಬನಿದ್ದ, ಜಟ್ಟು.
ಉಳಿ ಎಡಗೈಗೆ ಹೋದಾಗಲೆಲ್ಲ
ಬೆರಳ ಗೆಣ್ಣಿಗೆ ಕೊಡತಿಯ ಪೆಟ್ಟು.
ಒಂದು ದಿನ ಕೊಡತಿ ನನ್ನ ಕೈಲಿತ್ತು.
ಮರುದಿನ ಅವನ ಮಣೆಯ ಮೇಲೆ
ಅರ್ಧ ಕೆತ್ತಿದ ಹಂಸ,
ಅದಕ್ಕೆ ಮನುಷ್ಯನ ಹಲ್ಲು.
ನಾವೆಲ್ಲ ಎಷ್ಟು ನಕ್ಕಿದ್ದೆವು.

ಎಡಚರು ಊರಿಗೆ ಹತ್ತು ಮಂದಿ ಇರುತ್ತಾರೆ.

ಹೊರಗೆ ದಕ್ಕೆಯಲ್ಲಿ ಬಲೆ ಎಳೆಯುವವರ ಕೂಗು.
ಹುಲಸ್ವಾರ ಪೆನ್ನಿನ ಟೊಪ್ಪಿ ತೆಗೆದು ಕಾದ.
ಆ ಮೂರನೇ ಮೆಟ್ಟಿಲ ಕಿವಿಗೆ ಬಾಗಿ
ಏನೋ ಹೇಳಲು ಹೋದೆ,
ಕೆಮ್ಮು ಬಂತು.

‘ಕರ್ತೃ?’
ಗೊತ್ತಿಲ್ಲ ಅಂತ ಬರಿ.
‘ಬೆಲೆ?’
ನನ್ನಿಂದ ಕೊಳ್ಳಲಾಗದಷ್ಟು ಬರಿ.

ತಮಾಷೆ ಅಂದುಕೊಂಡ. ನಗುತ್ತಲೇ ಕೇಳಿದ,
ಅಂದರೆ ಎಷ್ಟು ಸೊನ್ನೆ?