ಬಸಳೆಯ ಗಂಟು

ಕೂಳೂರಿನ ಹೊಳೆ ಬದಿ,
ಮುಚ್ಚಿದ ಬ್ಯಾಟರಿ ಶೆಡ್ಡಿನ ಬೆನ್ನಿಗೆ
ಜುಲಿಯಾನಾ ಬಾಯಿಯ ಹಿತ್ತಿಲು.
ಮಣ್ಣಿನ ವರದಿ ಬಂದಿದೆ: ಸೀಸ.
ಕಾಗದವನ್ನು ಅಕ್ಕಿ ಡಬ್ಬದಡಿ ಇಟ್ಟು
ಧಕ್ಕೆಯಿಂದ ಮೀನಿನ ಪೆಟ್ಟಿಗೆ ಹತ್ತು ತಂದಳು,
ಕಿನ್ನಿಗೋಳಿಯ ತಂಗಿ ಮನೆಯಿಂದ ನಾಲ್ಕು ಗೋಣಿ ಮಣ್ಣು.

ಹರಿವೆ ಈಗ ಬಂಗುಡೆಯ ಮನೆಯಲ್ಲಿ.
ಮೂರು ಸಲ ತೊಳೆದರೂ ವಾಸನೆ ಹೋಗಿಲ್ಲ.
"ಇರಲಿ, ಅದು ತಿನ್ನುವ ವಾಸನೆ ಅಲ್ವಾ?"

ಬಸಳೆ ಮಾತ್ರ ಮಾತು ಕೇಳುವುದಿಲ್ಲ.
ಪೆಟ್ಟಿಗೆಯ ಅಂಚು ದಾಟಿ ಇಳಿಯುತ್ತದೆ,
ಗಂಟು ನೆಲ ಮುಟ್ಟಿದಲ್ಲಿ ಬಿಳಿ ಬೇರು.
ದಿನಾ ಬೆಳಿಗ್ಗೆ ಎತ್ತಿ ಚಪ್ಪರಕ್ಕೆ ಕಟ್ಟುತ್ತಾಳೆ,
ಬೇರು ಚಿವುಟಿ.

ಅದೇ ನೆಲದಲ್ಲಿ ಅವಳ ಅತ್ತೆ
ಮೂವತ್ತು ವರ್ಷ ಬಸಳೆ ಕೊಯ್ದದ್ದು.
ಶೆಡ್ಡು ಆಗಲೂ ಇತ್ತು.
ಕಾಗದ ಇರಲಿಲ್ಲ.

ಬಾಯಿ ಕೈ ತೊಳೆಯುತ್ತಾಳೆ,
ಉಗುರಿನ ಸಂದಿಯನ್ನೂ.