ಖಣದ ಎಳಿ

ಉದ್ದನ ಬೆತ್ತ ಬಿಟ್ಟುಹೋದಾಂವ ಬ್ಯಾಂಕಿನ ಸಾಹೇಬ,
ಊಟಿ ಕಡಿಯಾಂವ. ವರ್ಗ ಆತು, ಹೋದ.
ಅವರ ಕೆರ್ಯಾಗ ಟ್ರೌಟ್ ಅಂತ ಮೀನಂತ,
ಥಂಡಿ ನೀರಿನ್ಯಾವು, ಸುಳ್ಳ ನೊಣಕ್ಕ ಮೋಸ ಹೋಗತಾವಂತ.
ನಮ್ಮ ಗುಳೇದಗುಡ್ಡದ ಕೆರಿಗೆ ಚೈತ್ರದಾಗ ಕೈ ಇಟ್ರ
ಬಚ್ಚಲ ಹಂಡೆ.
ಆದ್ರೂ ಇಂವ, ನನ್ನ ಗಂಡ ಹುಚ್ಚೇಶ,
ಮಗ್ಗದ ಕುಣಿಯಿಂದ ಎದ್ದು ಹೊಂಟಬಿಡತಾನ.

ಹುಂಜದ ಕೊಳ್ಳಿನ ಪುಕ್ಕ, ಖಣದ ತುದಿಯ ರೇಶಿಮಿ,
ಗಾಳದ ಬೆನ್ನಿಗೆ ಸುತ್ತಿ ಸುತ್ತಿ ಒಂದು ಹುಳ.
ನನ್ನ ಕಂಡಿಕಿ ಲೆಕ್ಕ ತಪ್ಪಿದ್ದು ಹಂಗ.
ಹಸರ ಎಳಿ ಎಲ್ಲಿ ಹೋತು, ಕೇಳಿದ್ನಿ.
ಮೀನ ಉಟ್ಟಾವ, ಅಂದ.

ಬ್ಯಾಸಗಿ. ನೀರು ಸರದು
ಹಳೆ ಮೆಟ್ಟಲ ಹನ್ನೊಂದು ಹೊರಗ ಬಿದ್ದಾವ.
ಮೀನೆಲ್ಲಾ ನಡುಮಡುವಿನಾಗ, ಬಾಯಿ ಮುಚ್ಚಿ.
ದಾರ ಹೋಗತೈತಿ, ದಾರ ಬರತೈತಿ, ಬರೇ ಲಾಳಿ.
ನೇಯಿಗಿ ಕಾಣೂದಿಲ್ಲ.

ಮಿರಗ ಹೊಡದ ಮರುದಿನ ಈಸಲ ಎದ್ದು
ನೀರ ಮ್ಯಾಲ ರೆಕ್ಕಿ ಉದರಸತಾವ.
ಅವತ್ತ ಯಾವ ಮೀನಕ್ಕೂ ಇವನ ಹುಳ ಬ್ಯಾಡ,
ಖರೇದು ಪುಕ್ಕಟ ಸಿಗೂ ಮುಂದ.
ಜಂಬಿನ ಹಂತ್ಯಾಕ ಕೆಂಪನ ಮರಿಗಳ ಮುದ್ದಿ,
ತೆಳಗ ಮರಲ ಮೀನ, ತಾಯೋ ತಂದಿಯೋ,
ಕಾಯಕೋಂತ ನಿಂತಿತ್ತಂತ.
ಎಸೀಲಿಲ್ಲ. ಬೆತ್ತ ಮಡಚಿ ಬಂದು
ಸುಮ್ಮನ ಮಗ್ಗಕ್ಕ ಕೂತ.
ಅವತ್ತ ನೇಯ್ದ ಖಣದಾಗ ಒಂದೂ ತಪ್ಪಿಲ್ಲ.

ಸೀಗಿ ಹುಣ್ಣಿವಿ ಕಳದ ಮ್ಯಾಲ ನೀರು ತಿಳಿ.
ಕಟ್ಲಾ ಬಂತು. ಅಂಗೈ ತೋಯಿಸಿ ಹಿಡದು
ಗಾಳ ತಗದು ಬಿಟ್ಟ.
ಅದರ ಮುಳ್ಳ ಮೊದಲ ಇಕ್ಕಳದಾಗ ಒತ್ತಿರತಾನ.
ನಮ್ಮನ್ಯಾಗ ಮೀನ ಒಲಿ ಏರಂಗಿಲ್ಲ.
ಬಿಡಾಕ ಯಾಕ ಹಿಡೀತಿ, ಅಂತಾಳ ಅತ್ತಿ,
ಹೊಸ್ತಲದಾಗ ಕಾಲಿಗೆ ನೀರ ಸುರುವಿಕೋಂತ.
ಉತ್ತರ ಅಂವಗೂ ಗೊತ್ತಿಲ್ಲ. ನನಗೂ.

ಪುಷ್ಯದ ಥಂಡಿ. ನಾನೂ ಹೋದ್ನಿ ಒಂದ ಮುಂಜಾನೆ,
ಶಾಲ ಹೊಚ್ಚಿಕೊಂಡು. ನೀರ ಮ್ಯಾಲ ಹೊಗಿ.
ಹುಳ ಎರಡ ಸಲ ಬಿಚ್ಚಿಹೋತು ಅವನ ಕೈಯಾಗ.
ತಾ ಇಲ್ಲೆ, ಅಂದ್ನಿ. ಸಾವಿರ ಎಳಿ ಕೆಚ್ಚಿದ ಬೆರಳ ನನ್ನವು,
ನಿಂದು ಗಂಟು ಸಡ್ಲ.
ಉಗುಳ ಹಚ್ಚಿ, ಹೊಸದು ಬಿಗದು ಕೊಟ್ನಿ.

ಎಸದ. ಕಾದ್ವಿ.
ನೀರು ಒಂದ ಕಡಿ ಇಷ್ಟ ತಗ್ಗಾತು,
ತಗ್ಗ ಮತ್ತ ತುಂಬಿತು.
ಮುಟ್ಟಿ ಹೋತು, ಅಂದ, ಮೆಲ್ಲಕ.
ಮುಟ್ಟಿದ್ದು ನನ್ನ ಹುಳ ಅಂತ ನಾ ಹೇಳಲಿಲ್ಲ.
ಮನಿಗೆ ಬಂದು ಹಸರ ಕಂಡಿಕಿ ಒಂದು
ಲೆಕ್ಕದ ಹೊರಗ ಸುತ್ತಿ
ಕಿಡಕ್ಯಾಗ ಇಟ್ನಿ.